ರೊಟ್ಟಿ ಬಡಿಯುವ ಸದ್ದಿನ ಲೆಕ್ಕ

2023ರ ಜೂನ್. ಬೆಂಗಳೂರಿನ ಕಗ್ಗದಾಸಪುರದ ಬಾಡಿಗೆ ಮನೆಯಲ್ಲಿದ್ದುಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಬೆಳಿಗ್ಗೆ ಐದೂವರೆಗೆ ಪುಸ್ತಕ ತೆರೆದರೆ ಸಾಕು, ತಲೆಯ ಮೇಲೆ ಪಟಪಟ ಸದ್ದು. ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಇದನ್ನೂ ಬರೆದೆ: ಮೂರು ವಾರದಲ್ಲಿ ಹದಿನೇಳು ದಿನ, ಪ್ರತಿಸಲ ಇಪ್ಪತ್ತು ನಿಮಿಷ. ಆ ಪುಟವನ್ನು ಓನರ್ ಅಂಕಲ್‌ಗೆ ತೋರಿಸಿದೆ.

"ಮೇಲ್ಗಡೆ ರೊಟ್ಟಿ ಬಡೀತಾರಮ್ಮ, ಕಲಬುರಗಿ ಕಡೆಯವ್ರು. ನಾನ್ ಹೇಳ್ತೀನಿ ಬಿಡು" ಅಂದರು. ಮರುದಿನದಿಂದ ಸದ್ದು ನಿಂತಿತು. ನಾನು ನೆಮ್ಮದಿಯಾಗಿ ಓದಿದೆ.

ಮುಂದಿನ ವರ್ಷ ಮಾರ್ಚ್‌ನಲ್ಲಿ ಮೇಲಿನ ಮನೆಯ ಮಲ್ಲಮ್ಮ ರಕ್ತ ಪರೀಕ್ಷೆಯ ರಿಪೋರ್ಟ್ ಹಿಡಿದು ಬಂದರು. ಅಪಾರ್ಟ್‌ಮೆಂಟ್ ಒಂದರಲ್ಲಿ ಅವರು ಸೆಕ್ಯೂರಿಟಿ. ವಯಸ್ಸು ನಲವತ್ತು ದಾಟಿರಲಿಲ್ಲ. "ತಂಗಿ, ಇಂಗ್ಲಿಷ್‌ನಾಗ ಏನ್ ಬರದಾರ ಓದಿ ಹೇಳವಾ." ಓದಿದೆ. ಶುಗರ್ ಬಹಳ ಏರಿತ್ತು.

"ಡಾಕ್ಟರ್ ಏನಂದ್ರು ಅಕ್ಕ?"

"ಗುಳಗಿ ಕೊಟ್ಟಾರ. ಅನ್ನ ಕಮ್ಮಿ ಮಾಡು, ಅಡ್ಡಾಡು ಅಂದ್ರು. ಊರಾಗ ದಿನಾ ಹೊಲಕ್ಕ ನಡೀತಿದ್ದೆ. ಇಲ್ಲಿ ಹನ್ನೆರಡು ತಾಸು ಗೇಟಿನ ಮುಂದ ಕುರ್ಚಿ, ಮೂರೂ ಹೊತ್ತು ಅನ್ನ. ಇದ ಸಕ್ಕರಿ ಬ್ಯಾನಿಗೆ ನಮ್ಮವ್ವನ ಕಾಲು ತಗದ್ರು. ನನಗ ಅದ ಹೆದರಿಕಿ."

"ರೊಟ್ಟಿ ಮಾಡಲ್ವಾ?"

"ಎಲ್ಲಿ ರೊಟ್ಟಿ! ಸದ್ದು ಆಗ್ತದಂತ ಯಾರೋ ತಾರೀಖು ಹಾಕಿ ಬರಕೊಂಡಿದ್ರಂತ, ಓನರ್ ಬೈದ್ರು. ನಿಮ್ಮ ಬಾಜೂ ಮನಿ ಮುದುಕಪ್ಪಂದ ಕೆಲಸ. ಸಿಗಲಿ ಒಂದಿನ!"

ಸುಮ್ಮನಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ರಿಪೋರ್ಟ್ ಮಡಚಿ ಅವರ ಕೈಗೆ ಕೊಟ್ಟೆ. ಆಮೇಲೆ, "ಅಕ್ಕಾ, ಬರೆದಿದ್ದು ನಾನು" ಅಂದೆ.

ಅವರು ನನ್ನನ್ನೇ ನೋಡಿದರು. "ನೀ ಓದೂದು ಬ್ಯಾಂಕಿಂದೋ, ಪೊಲೀಸಂದೋ?" ನಗಲಿಲ್ಲ. ಎದ್ದು ಹೋಗುವಾಗ ಮೆಲ್ಲಗೆ ಅಂದರು: "ಬಾಯಿಬಿಟ್ಟು ಹೇಳಿದ್ರ ರೊಟ್ಟಿ ಕಲ್ಲಿನ ಕೆಳಗ ಗೋಣಿಚೀಲ ಹಾಸ್ತಿದ್ದೆನಲ್ಲವಾ."

ಅವತ್ತೇ ಓನರ್ ಹತ್ತಿರ ಹೋಗಿ ದೂರು ವಾಪಸ್ ತೆಗೆದುಕೊಂಡೆ. "ಇನ್ನೊಂದ್ಸಲ ಡೈರಿ ಹಿಡ್ಕೊಂಡ್ ಬರ್ಬೇಡ ತಾಯಿ" ಅಂದರು. ಗೋಣಿಚೀಲ ನಾನೇ ತಂದುಕೊಟ್ಟೆ. ಮೇಲೆ ಮತ್ತೆ ರೊಟ್ಟಿ ಶುರುವಾಯಿತು. ಡ್ಯೂಟಿ ಮುಗಿಸಿ ಬಂದ ಮಲ್ಲಮ್ಮನನ್ನು ಸಂಜೆ ಕೆರೆಯ ಕಡೆ ನಡೆಯಲು ಕರೆದುಕೊಂಡು ಹೋಗತೊಡಗಿದೆ.

ಜೂನ್‌ನಲ್ಲಿ ಶುಗರ್ ಸ್ವಲ್ಪ ಇಳಿದಿತ್ತು. ಮಾತ್ರೆಯಿಂದಲೋ, ನಡಿಗೆಯಿಂದಲೋ, ಊಟ ಬದಲಾದದ್ದರಿಂದಲೋ, ಡಾಕ್ಟರೂ ಬಿಡಿಸಿ ಹೇಳಲಿಲ್ಲ. ಮಾತ್ರೆ ಇನ್ನೂ ಇದೆ. "ನಿನ್ನಿಂದ ಬಂದದ್ದಲ್ಲ ಬಿಡು, ನಮ್ಮ ಮನ್ಯಾಗ ಮೊದಲಿಂದೂ ಅದ" ಎಂದು ಮಲ್ಲಮ್ಮನೇ ನನಗೆ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. ಅವರ ಬಾಗಿಲಿಗೆ ನಮ್ಮ ಮನೆಯಿಂದ ಹದಿನಾಲ್ಕೇ ಮೆಟ್ಟಿಲು. ಗಡಿಯಾರ ನೋಡುತ್ತ ಕೂತ ನಾನು ಒಂದು ಬೆಳಿಗ್ಗೆಯೂ ಅವನ್ನು ಹತ್ತಲಿಲ್ಲ.