ವೈಂಡಿಂಗ್ ಅಕ್ಕ ಓದಿದ ಸಂದೇಶ

ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತುವುದು ಆಕೆಯ ಕಸುಬು. ಬೀದಿಯವರಿಗೆಲ್ಲ ಆಕೆ ವೈಂಡಿಂಗ್ ಅಕ್ಕ. ಜಗಳ ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. ಆಕೆಗೆ ನಲವತ್ತೊಂದು ತುಂಬಿದ ವರ್ಷ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ತಮ್ಮ ಹ್ಯಾಮ್ ರೇಡಿಯೊದ ಟ್ರಾನ್ಸ್‌ಫಾರ್ಮರನ್ನು ರಿಪೇರಿಗೆ ತಂದರು. ಊರಿನ ಫೋನೆಲ್ಲ ಸತ್ತರೂ ಒಂದು ಬ್ಯಾಟರಿ ಇದ್ದರೆ ಈ ರೇಡಿಯೊದಲ್ಲಿ ದೂರದವರೊಡನೆ ಮಾತಾಡಬಹುದು ಎಂದರು. ಆಕೆ ನಂಬಲಿಲ್ಲ. ಮೇಷ್ಟ್ರು ಅಂಗಡಿಯಲ್ಲೇ ತೋರಿಸಿಕೊಟ್ಟರು. ಮರುವರ್ಷ ಆಕೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದಳು.

ಭಾನುವಾರ ಬೆಳಿಗ್ಗೆ ಲೈಸೆನ್ಸ್ ಇದ್ದ ಹನ್ನೊಂದು ಮಂದಿ ರೇಡಿಯೊದಲ್ಲಿ ಹಾಜರಿ ಹಾಕುತ್ತಿದ್ದರು. ಒಬ್ಬರು ಓದಿದ ಸಂದೇಶವನ್ನು ಇನ್ನೊಬ್ಬರು ಬರೆದುಕೊಂಡು, ತಪ್ಪಿಲ್ಲವೆಂದು ಖಾತ್ರಿ ಮಾಡಲು ಗಟ್ಟಿಯಾಗಿ ತಿರುಗಿ ಓದಬೇಕು. ಅದೇ ಅಭ್ಯಾಸ. ಮಿಕ್ಕ ಹೊತ್ತು ಮಂಡಿನೋವಿನ ಮಾತು.

"ಅಲ್ಲಿ ಯಾರೋ ಕೆಮ್ಮಿದ್ರೂ ನೀನಿಲ್ಲಿ ಬರ್ಕೊಳ್ತೀಯಲ್ಲ," ಎಂದು ಗಂಡ ರೇಗಿಸುತ್ತಿದ್ದ.

"ಕೆಮ್ಮಿದ ಟೈಮೂ ಹಾಕ್ತೀನಿ," ಎನ್ನುತ್ತಿದ್ದಳು.

ಹೊಳೆಯ ಏರಿ ಒಡೆದ ದಿನ ಫೋನುಗಳು ನಿಜಕ್ಕೂ ಸತ್ತವು. ಈ ದಡದಲ್ಲಿ ಸಿಕ್ಕಿಕೊಂಡವರೆಲ್ಲ ಶಾಲೆಯ ಮಹಡಿ ಸೇರಿದರು. ಆಕೆ ಒಂದು ತರಗತಿಯಲ್ಲಿ ಕಾರಿನ ಬ್ಯಾಟರಿಗೆ ರೇಡಿಯೊ ಜೋಡಿಸಿ ಕೂತಳು. ಮೇಷ್ಟ್ರು ಆಚೆ ದಡದ ಆಸ್ಪತ್ರೆಯಲ್ಲಿ ತಮ್ಮ ರೇಡಿಯೊ ಇಟ್ಟುಕೊಂಡು ಕೂತಿದ್ದರು. ಜನ ಚೀಟಿ ಬರೆದು ತಂದರು, ಆಕೆ ಮೇಷ್ಟ್ರಿಗೆ ಓದಿದಳು.

ಬೀಗ ರಿಪೇರಿ ಮಾಡುವ ಅಜ್ಜ ಕೆಲಸಕ್ಕೆಂದು ಈ ಕಡೆ ಬಂದವರು. ಹೆಂಡತಿ ಆಚೆ ದಡದ ಮನೆಯಲ್ಲಿ. "ನಾನು ಶಾಲೆಯಲ್ಲಿದ್ದೇನೆ. ಊಟ ಆಯಿತು. ನೀನು ಪಕ್ಕದವರ ಮಹಡಿಗೆ ಹೋಗು," ಎಂಬುದು ಅವರ ಚೀಟಿ. ಗಂಟೆಗೊಮ್ಮೆ ಬಂದು, "ನಂದು ಬಂತಾ ತಾಯಿ?" ಎಂದು ಕೇಳುತ್ತಿದ್ದರು.

ಎರಡನೇ ದಿನ ಮಧ್ಯಾಹ್ನ ಅದು ಬಂತು. ಆಕೆ ಬರೆದುಕೊಂಡಳು. ಆಮೇಲೆ ಪದ್ಧತಿಯಂತೆ ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ತಿರುಗಿ ಓದಿದಳು. "ಬೀಗ ರಿಪೇರಿಯವರಿಗೆ. ಮನೆ ಕುಸಿದಿದೆ. ನಿಮ್ಮ ಹೆಂಡತಿ ತೀರಿಕೊಂಡಿದ್ದಾರೆ. ದೇಹ ಆಸ್ಪತ್ರೆಯಲ್ಲಿದೆ. ಸರಿನಾ ಮೇಷ್ಟ್ರೇ?"

"ಸರಿ," ಎಂದರು ಮೇಷ್ಟ್ರು.

ತಿರುಗಿದರೆ ಅಜ್ಜ ಬಾಗಿಲಲ್ಲೇ ನಿಂತಿದ್ದರು.

"ಸ್ಪಷ್ಟವಾಗಿ ಓದ್ತೀಯಮ್ಮ," ಎಂದರು.

ಆಕೆಯ ಬಾಯಿಗೆ ಬಂದದ್ದು ದಿನವಿಡೀ ಆಡಿದ ಮಾತೇ. "ಇನ್ನೇನಾದ್ರೂ ಕಳಿಸ್ಬೇಕಾ?"

"ಯಾರಿಗೆ?"

ಹಿಂದೆ ಜನ ಸಾಲಾಗಿ ನಿಂತಿದ್ದರು. ಆಕೆ ಮುಂದಿನ ಚೀಟಿ ತೆಗೆದುಕೊಂಡಳು.

ನೀರಿಳಿದ ಮೇಲೆ ಮನೆಗೆ ಬಂದು ಹದಿನಾಲ್ಕು ಗಂಟೆ ಮಲಗಿದಳು. ಎದ್ದು ಅಂಗಡಿ ತೊಳೆದಳು. ಕೆಸರು ಕುಡಿದ ಮೋಟಾರುಗಳು ರಾಶಿ ಬಿದ್ದಿದ್ದವು. ತಂತಿ ಸುತ್ತುತ್ತ ಎಣಿಕೆ ತಪ್ಪುತ್ತಿತ್ತು. ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

"ಒಂದ್ಸಲ ಅತ್ತುಬಿಡು," ಎಂದರು ಅತ್ತೆ.

"ಬರ್ತಿಲ್ಲ ಅತ್ತೆ." ಅದು ನಿಜವೇ ಆಗಿತ್ತು. ಬಾಯಿಗೆ ರುಚಿ ಇರಲಿಲ್ಲ, ಯಾರ ಮೇಲೂ ಸಿಟ್ಟೂ ಇರಲಿಲ್ಲ.

ಒಂದು ತಿಂಗಳಾದ ಮೇಲೆ ಆಕೆ ಅಜ್ಜನ ಅಂಗಡಿಗೆ ಹೋದಳು. ಅವರು ಕೀಲಿ ಉಜ್ಜುತ್ತಿದ್ದರು.

"ನೀವು ಹಿಂದೆ ನಿಂತಿದ್ದು ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಏನ್ ಮಾಡ್ತಿದ್ದೆ?"

ಆಕೆ ಯೋಚಿಸಿದಳು. "ಬಾಗಿಲು ಹಾಕ್ತಿದ್ದೆ. ಆಮೇಲೆ ನಿಮ್ಮನ್ನ ಕೂರಿಸಿ ಹೇಳ್ತಿದ್ದೆ."

"ಇನ್ಮೇಲೆ ಹಾಗೇ ಮಾಡು," ಎಂದು ಅಜ್ಜ ಮತ್ತೆ ಅರ ಹಿಡಿದರು.

ಮುಂದಿನ ವಿಪತ್ತಿಗೆ ತಯಾರಿ ಮಾಡಲು ಬಡಾವಣೆಯವರು ಸಭೆ ಕರೆದರು. ಹಗ್ಗ, ದೋಣಿ, ಔಷಧಿಯ ಪಟ್ಟಿ ಮುಗಿದ ಮೇಲೆ ಆಕೆ ಎದ್ದಳು. "ರೇಡಿಯೊ ಕೋಣೆ ಬಾಗಿಲು ಮುಚ್ಚಿರ್ಬೇಕು. ಸಾವಿನ ಸುದ್ದಿ ಬಂದ್ರೆ ಹೇಳೋಕೆ ಬೇರೆ ಒಬ್ಬರು ಬೇಕು. ರೇಡಿಯೊದವರು ಬೇಡ."

ಯಾರು ಹೇಳುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಕೊನೆಯ ಸಾಲಿನಿಂದ ಆಕೆಯ ಗಂಡ, "ನಂಗೆ ಅಭ್ಯಾಸ ಇಲ್ಲ. ಆದ್ರೆ ಅವ್ರ ಜೊತೆ ಕೂತು ಹೇಳ್ತೀನಿ, ನನ್ನ ಹೆಸ್ರು ಬರ್ಕೊಳ್ಳಿ," ಎಂದ.

ಬರೆದುಕೊಂಡರು. ಆಕೆಗೆ ಆಗಲೂ ಏನೂ ಅನ್ನಿಸಲಿಲ್ಲ. ಸಭೆ ಮುಗಿದ ಮೇಲೆ ಅವನು ಚಪ್ಪಲಿ ಹುಡುಕಿ ಬರುವವರೆಗೂ ಮೆಟ್ಟಿಲ ಬಳಿ ಕಾದಳು. ಇಬ್ಬರೂ ನಡೆದೇ ಮನೆಗೆ ಹೋದರು.