ತಂಗಿಯ ಅಳತೆ

ಕಾಲೇಜಿನ ಎರಡನೆಯ ಮಹಡಿಯ ಕೊನೆಯ ಕೋಣೆಯಿಂದ ಪ್ರೊಫೆಸರ್ ಹೊರಬಂದರೆ ಸಾಕು, ಮೆಟ್ಟಿಲ ಮೇಲೆ ಕೂತ ಹುಡುಗಿಯರು "ಹಗ್ಗದ ಮೇಡಂ ಬಂದ್ರು, ಹೊಟ್ಟೆ ಒಳಗೆಳ್ಕೊಳ್ರೇ" ಎಂದು ಪಿಸುಗುಟ್ಟಿ ನಗುತ್ತಿದ್ದರು. ಅವರಿಗೆ ಅದು ಕೇಳಿಸುತ್ತಿತ್ತು. ಕೇಳಿಸದವರಂತೆ ಇಳಿದು ಹೋಗುತ್ತಿದ್ದರು, ತಾವೂ ಸ್ವಲ್ಪ ಒಳಗೆಳೆದುಕೊಂಡೇ.

ಮನಃಶಾಸ್ತ್ರ ಹೇಳಿಕೊಡಲು ಹಿಡಿದು ಅವರಿಗೆ ಮೂವತ್ತು ವರ್ಷವಾಗಿತ್ತು. ವಾರಕ್ಕೆರಡು ಮಧ್ಯಾಹ್ನ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ಕೂತು, ತಮ್ಮ ಮೈಯನ್ನು ಕಂಡರೆ ತಮಗೇ ಆಗದವರ ಮಾತು ಕೇಳುತ್ತಿದ್ದರು. ಸಂಶೋಧನೆಯೂ ಅದೇ: ಮನುಷ್ಯರು ತಮ್ಮ ಮೈಯನ್ನು ಮನಸ್ಸಿನೊಳಗೆ ಹೇಗೆ ಕಾಣುತ್ತಾರೆ ಎಂಬುದು. ಅದಕ್ಕೆ ಅವರು ಬಳಸುತ್ತಿದ್ದ ಉಪಕರಣ ಬಟ್ಟೆ ಒಣಹಾಕುವ ಹತ್ತಿಯ ಹಗ್ಗ. ಬಂದವರ ಕೈಗೆ ಅದನ್ನು ಕೊಟ್ಟು, "ನಿಮ್ಮ ಸೊಂಟ ಎಷ್ಟಿದೆ ಅನ್ಸುತ್ತೋ ಅಷ್ಟು ದೊಡ್ಡ ಸುತ್ತು ನೆಲದ ಮೇಲೆ ಹಾಕಿ" ಅನ್ನುತ್ತಿದ್ದರು. ಆಮೇಲೆ ನಿಜವಾದ ಅಳತೆ. ಹೆಚ್ಚಿನವರು ತಮಗಿಂತ ದೊಡ್ಡ ಸುತ್ತನ್ನೇ ಹಾಕುತ್ತಿದ್ದರು. ಒಬ್ಬ ಸಣಕಲು ಹುಡುಗಿ ಹಾಕಿದ ಸುತ್ತಿನೊಳಗೆ ಅವಳೂ ಅವಳ ಗೆಳತಿಯೂ ಒಟ್ಟಿಗೆ ನಿಲ್ಲಬಹುದಿತ್ತು. ತೋರಿಸಿದರೆ ಅವಳು ನಂಬಲಿಲ್ಲ. "ನಿಮ್ಮ ಟೇಪೇ ಸರಿ ಇಲ್ಲ ಮೇಡಂ" ಎಂದು ಅತ್ತಳು.

ಪ್ರೊಫೆಸರಿಗೆ ಒಬ್ಬಳು ತಂಗಿ. ಅದೇ ಊರಿನಲ್ಲಿ, ಹೊಳೆಯ ಆಚೆ ದಡದಲ್ಲಿ ಟೈಲರ್ ಅಂಗಡಿ ಇಟ್ಟಿದ್ದಳು. ಸೇತುವೆ ಇಳಿದರೆ ಎಡಗಡೆ ಮೂರನೆಯದು. ನಡೆದರೆ ನಲವತ್ತು ನಿಮಿಷ. ಅಕ್ಕತಂಗಿಯರ ನಡುವೆ ಮಾತು ನಿಂತು ಹತ್ತೊಂಬತ್ತು ವರ್ಷವಾಗಿತ್ತು.

ಆಗಿದ್ದು ಇಷ್ಟು. ಒಂದು ಬೆಳಿಗ್ಗೆ ಪಾಠ ಸಪ್ಪೆಯಾಗುತ್ತಿದೆ ಅನ್ನಿಸಿ, ಅವರು ಹೆಸರು ಹೇಳದೆ ಒಬ್ಬ ಹುಡುಗಿಯ ಕಥೆ ಹೇಳಿದರು. ಮನೆಯವರೆಲ್ಲ 'ಮೂಟೆ' ಎಂದು ಕರೆಯುತ್ತಿದ್ದ ಹುಡುಗಿ. ಬಾಗಿಲ ಹಿಂದೆ ನಿಂತು ತಿನ್ನುತ್ತಿದ್ದವಳು. ಅಕ್ಕನ ಮದುವೆಯಲ್ಲಿ ಎಲ್ಲರೂ ಫೋಟೋಕ್ಕೆ ನಿಂತಾಗ ಬಚ್ಚಲಿನ ಚಿಲಕ ಹಾಕಿಕೊಂಡು ಕೂತವಳು. ಹೊರಗೆ ನಿಂತು ಬಾಗಿಲು ಬಡಿದ ಸೋದರಮಾವನ ದನಿಯನ್ನು ಮೇಡಂ ಅನುಕರಿಸಿದಾಗ ಇಡೀ ತರಗತಿ ಬಿದ್ದುಬಿದ್ದು ನಕ್ಕಿತು. ಮೂರನೇ ಬೆಂಚಿನಲ್ಲಿ ಒಬ್ಬಳು ಮಾತ್ರ ನಗಲಿಲ್ಲ. ಅವಳು ತಂಗಿಯ ಗಂಡನ ಅಣ್ಣನ ಮಗಳು. ಹೊಸದಾಗಿ ಸೇರಿದ್ದಳು, ಮೇಡಂಗೆ ಗುರುತು ಹತ್ತಿರಲಿಲ್ಲ.

ಸಂಜೆಗೆ ಫೋನು ಬಂತು.

"ಅಕ್ಕಾ, ನಾನು ನಿನ್ನ ಪಾಠ ಆಗ್ಬಿಟ್ನಾ?"

"ನಿನ್ನ ಹೆಸರು ಹೇಳಿಲ್ಲ ಕಣೇ."

"ಮೂಟೆ ಅಂದ್ಯಲ್ಲ. ಇನ್ಯಾವ ಹೆಸರು ಬೇಕು?"

ಮಾರನೆಯ ದಿನ ಹೋದರೆ ತಂಗಿ ಎದ್ದು ಒಳಗೆ ನಡೆದಳು. ಅವಳ ಗಂಡ ಪೆಚ್ಚುಮೋರೆ ಹಾಕಿಕೊಂಡು, "ಸ್ವಲ್ಪ ದಿನ ಬಿಡಿ ಅತ್ತಿಗೆ, ಸರಿಹೋಗ್ತಾಳೆ" ಎಂದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗಲೂ ಇಬ್ಬರೂ ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಮಾತನ್ನೆಲ್ಲ ನರ್ಸಿನ ಮೂಲಕವೇ ಆಡಿದರು. ಊರವರ ಮನಸ್ಸು ರಿಪೇರಿ ಮಾಡುವ ತನ್ನಿಂದ ಒಬ್ಬ ತಂಗಿಯನ್ನು ಒಲಿಸಿಕೊಳ್ಳಲು ಆಗಲಿಲ್ಲವಲ್ಲ ಎಂದು ಪ್ರೊಫೆಸರ್ ಒಳಗೇ ಬೆಂದರು. ಎಷ್ಟೋ ಸಲ ಸೇತುವೆಯ ನಡುವಿನವರೆಗೆ ಹೋಗಿದ್ದರು. ಅಲ್ಲಿಂದ ಮುಂದಕ್ಕೆ ಕಾಲು ಬರುತ್ತಿರಲಿಲ್ಲ.

ಹೀಗಿರುವಾಗ ಆಸ್ಪತ್ರೆಯ ಕೋಣೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಬರತೊಡಗಿದಳು. ಮನೆಯ ಕನ್ನಡಿಗೆ ಹಳೇ ಪೇಪರ್ ಅಂಟಿಸಿದ್ದವಳು; ಮೂರು ಸಲ ಬಟ್ಟೆ ಬದಲಿಸಿ, ಕೊನೆಗೆ ಎಲ್ಲಿಗೂ ಹೋಗದೆ ಕೂತುಬಿಡುವವಳು. ಒಂದು ಬುಧವಾರ ಅವಳು ತಾನಾಗಿಯೇ ಹೇಳಿದಳು:

"ಒಂದೇ ಒಂದು ಕಡೆ ನನಗೆ ಭಯ ಆಗಲ್ಲ ಮೇಡಂ. ಸೇತುವೆ ಹತ್ರ ಒಬ್ರು ಟೈಲರ್ ಇದ್ದಾರೆ. ಅಳತೆ ತಗೊಂಡು ಬರ್ಕೋತಾರೆ, ಬಾಯಿಬಿಟ್ಟು ಓದಲ್ಲ. 'ಬಟ್ಟೆ ನಿಮಗೆ ಸರಿಯಾಗ್ಬೇಕಮ್ಮ, ನೀವು ಬಟ್ಟೆಗೆ ಸರಿಯಾಗ್ಬೇಕಿಲ್ಲ' ಅಂತಾರೆ."

ಪ್ರೊಫೆಸರ್ ಪೆನ್ನು ಕೆಳಗಿಟ್ಟರು. "ಮುಂದೆ ಹೇಳಿ" ಎಂದಷ್ಟೇ ಅಂದರು.

ಆಮೇಲೆ ಬುಧವಾರಕ್ಕಾಗಿ ಕಾಯುವುದು ಶುರುವಾಯಿತು. ಆ ಹೆಂಗಸು ಟೈಲರ್ ಮಾತೆತ್ತಿದರೆ ಇವರ ಕಿವಿ ನೆಟ್ಟಗಾಗುತ್ತಿತ್ತು. ಎತ್ತದಿದ್ದರೆ ದಿನವೆಲ್ಲ ಮಂಕು. ಟೈಲರ್ ಈಗ ಹೊಸ ಮಿಷನ್ ತಗೊಂಡಿದ್ದಾರೆ, ಮೊಣಕಾಲು ನೋವಂತೆ, ಕೆಲಸ ಮಾಡುತ್ತಾ ತಮ್ಮಷ್ಟಕ್ಕೆ ಗುನುಗುತ್ತಾರೆ. ಇಂಥ ಚೂರುಪಾರುಗಳನ್ನು ಮನೆಗೆ ಕೊಂಡುಹೋಗಿ, ಒಂದೊಂದನ್ನೇ ನೆನೆಯುತ್ತಿದ್ದರು. ಒಂದು ದಿನ ನಾಲಗೆ ತಡೆಯಲಿಲ್ಲ.

"ಅವರು ಕನ್ನಡಕ ಹಾಕ್ತಾರಾ?"

"ಯಾರು ಮೇಡಂ, ಟೈಲರಾ?" ಹೆಂಗಸು ಕಣ್ಣರಳಿಸಿದಳು.

ಪ್ರೊಫೆಸರಿಗೆ ನಾಚಿಕೆಯಾಯಿತು. ಒಬ್ಬಳ ನೋವನ್ನು ಹಿಂದೊಮ್ಮೆ ಪಾಠಕ್ಕೆ ಬಳಸಿದ್ದಾಯಿತು, ಈಗ ಇನ್ನೊಬ್ಬಳ ನೋವನ್ನು ಕಿಟಕಿ ಮಾಡಿಕೊಂಡು ಇಣುಕುತ್ತಿದ್ದೇನೆ ಅನ್ನಿಸಿತು. ಮುಂದಿನ ವಾರವೇ ಆಕೆಯನ್ನು ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದರು.

"ನಾನು ನಿಮಗೆ ಬೇಜಾರು ಮಾಡಿದ್ನಾ?" ಎಂದು ಹೆಂಗಸು ಕೇಳಿದಳು.

"ಇಲ್ಲಮ್ಮ. ಅಡ್ಡಿ ಇರೋದು ನನ್ನ ಕಡೆಯಿಂದ. ನಿಮ್ಮದು ಎಳ್ಳಷ್ಟೂ ತಪ್ಪಿಲ್ಲ."

ಬುಧವಾರಗಳು ಖಾಲಿಯಾದವು.

ಆ ತಿಂಗಳ ಕೊನೆಯಲ್ಲಿ ತರಗತಿಯಲ್ಲಿ ಹಗ್ಗದ ಪಾಠ ಬಂತು. ತಮ್ಮ ಸುತ್ತನ್ನು ತಪ್ಪಾಗಿ ಹಾಕುವವರೂ, ಪ್ರೀತಿಪಾತ್ರರ ಸುತ್ತನ್ನು ಹೆಚ್ಚುಕಡಿಮೆ ಸರಿಯಾಗಿಯೇ ಹಾಕುತ್ತಾರೆ ಎಂದು ವಿವರಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗಿ ಎದ್ದಳು.

"ಮೇಡಂ, ನೀವೇ ಒಂದ್ಸಲ ಹಾಕಿ ತೋರ್ಸಿ. ನಿಮಗೆ ತುಂಬಾ ಇಷ್ಟ ಇರೋರದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ನೆಲಕ್ಕೆ ಬಗ್ಗಿ, ಕೈ ತಾನೇ ತಾನಾಗಿ ಓಡಿದಂತೆ ಒಂದು ಸುತ್ತು ಹಾಕಿದರು. ಹಾಕಿ ನೋಡುತ್ತಾ ನಿಂತುಬಿಟ್ಟರು. ಅದು ಹತ್ತೊಂಬತ್ತು ವರ್ಷದ ಹಿಂದಿನ ತಂಗಿ. ಈಗ ಅವಳು ತೆಳ್ಳಗಾಗಿದ್ದಾಳೋ, ದಪ್ಪಗಾಗಿದ್ದಾಳೋ ಗೊತ್ತಿರಲಿಲ್ಲ.

"ಸರಿ ಇದ್ಯಾ ಮೇಡಂ?" ಹುಡುಗಿ ಕೇಳಿದಳು.

"ಗೊತ್ತಿಲ್ಲ ಕಣಮ್ಮ" ಎಂದರು. ಪಾಠ ಅಲ್ಲಿಗೇ ನಿಲ್ಲಿಸಿದರು.

ಅಂದು ಮಧ್ಯಾಹ್ನ ಸೇತುವೆಯ ನಡುವಿನಲ್ಲಿ ಅವರು ನಿಲ್ಲಲಿಲ್ಲ. ಅಂಗಡಿಯಲ್ಲಿ ತಂಗಿ ತಲೆಯೆತ್ತದೆ "ಬನ್ನಿ, ಏನು ಹೊಲೀಬೇಕು?" ಎಂದಳು. ತಲೆಯೆತ್ತಿ ನೋಡಿದಾಗ ಮಿಷನ್ ನಿಂತಿತು.

"ಒಂದು ರವಿಕೆ" ಎಂದರು ಪ್ರೊಫೆಸರ್.

"ಬಟ್ಟೆ ಎಲ್ಲಿ?"

ತಂದಿರಲಿಲ್ಲ. ಬರಿಗೈ ನೋಡಿಕೊಂಡರು.

"ಬಟ್ಟೆ ಇಲ್ದೆ ರವಿಕೆ ಹೊಲಿಯೋದು ನಾನಿನ್ನೂ ಕಲಿತಿಲ್ಲ" ಎಂದಳು ತಂಗಿ. ಆದರೂ ಕುತ್ತಿಗೆಯ ಟೇಪು ತೆಗೆದು ಎದ್ದು ಬಂದಳು. "ಕೈ ಎತ್ತು."

ಟೇಪು ಸುತ್ತಲೆಂದು ತಂಗಿಯ ಎರಡು ತೋಳು ಬೆನ್ನ ಹಿಂದೆ ಹೋಗಿ ಮುಂದೆ ಬಂದವು. ಅಷ್ಟು ಹತ್ತಿರ ಬಂದವಳ ನರೆತ ಬೈತಲೆಯನ್ನು ಪ್ರೊಫೆಸರ್ ಉಸಿರು ಬಿಗಿಹಿಡಿದು ನೋಡಿದರು. ತಂಗಿ ಅಳತೆ ಬರೆದುಕೊಂಡಳು, ಓದಲಿಲ್ಲ.

"ತಪ್ಪಾಯ್ತು" ಎಂದರು ಅಕ್ಕ. "ನಿನ್ನ ಕಥೆ ಹೇಳಬಾರದಿತ್ತು."

"ಕಥೆಗಲ್ಲ ನನ್ನ ಸಿಟ್ಟು. ಮನೆಯವರೆಲ್ಲ ಮೂಟೆ ಅಂತಿದ್ರು ಅಂದ್ಯಂತೆ. ಮೊದಲು ಹಾಗೆ ಕರೆದೋರು ಯಾರು?"

"ನಾನು."

"ಆಗ ನಿನಗೆ ಒಂಬತ್ತು ವರ್ಷ. ಅದಕ್ಕೆ ನಾನು ಸಿಟ್ಟಾಗಿಲ್ಲ. ಅಷ್ಟು ಓದಿ, ಅಷ್ಟು ಜನರ ಮುಂದೆ ನಿಂತಾಗಲೂ ನಿನ್ನ ಪಾಲಿಂದು ಮುಚ್ಚಿಟ್ಯಲ್ಲ, ಅದು ತಡ್ಕೊಳ್ಳೋಕೆ ಆಗಲಿಲ್ಲ."

ಗಿರಾಕಿಯೊಬ್ಬರು ಬಂದರು. ತಂಗಿ ಅತ್ತ ತಿರುಗಿದಳು. "ಬಟ್ಟೆ ತಗೊಂಡು ಬಾ" ಎಂದಳು, ನೋಡದೆ.

ಆ ವರ್ಷ ಪ್ರೊಫೆಸರ್ ತರಗತಿಯಲ್ಲಿ ಹೊಸ ಕಥೆ ಹೇಳಿದರು: ತಂಗಿಗೆ ಅಡ್ಡಹೆಸರಿಟ್ಟ ಒಂಬತ್ತು ವರ್ಷದ ಹುಡುಗಿಯ ಕಥೆ. ಆ ಹುಡುಗಿ ತಾನೇ ಎಂದೂ ಹೇಳಿದರು. ಹೇಳುವ ಮೊದಲು ತಂಗಿಯನ್ನು ಕೇಳಿದ್ದರು. "ನಿನ್ನದನ್ನ ಹೇಳು, ನನ್ನದನ್ನ ಬಿಡು" ಎಂದಿದ್ದಳು.

ಈಗ ಅವರ ಬೀರು ತುಂಬ ರವಿಕೆಗಳು. ತಿಂಗಳಿಗೊಮ್ಮೆ ಬಟ್ಟೆ ಹಿಡಿದು ಹೋಗಿ ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು ಬರುತ್ತಾರೆ. ಅಮ್ಮನ ಮಾತು, ಮೊಣಕಾಲಿನ ಮಾತು. ಏಳುವಾಗ ತಪ್ಪದೆ ಕೇಳುತ್ತಾರೆ:

"ಒಂದಿನ ಮನೆಗೆ ಬರ್ತೀಯಾ?"

"ನೋಡೋಣ, ತುಂಬಾ ಕೆಲಸ ಇದೆ" ಅನ್ನುತ್ತಾಳೆ ತಂಗಿ. ಬರುವುದಿಲ್ಲ ಎಂದು ಇದುವರೆಗೆ ಅಂದಿಲ್ಲ.