ಇಡೀ ಕ್ಲಸ್ಟರ್ ಸೇರಿ ಬಣ್ಣ ಬಳಿದ ಬ್ಲಾಗು

ವೃತ್ತಿಯ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರಾದವರು ಬರೆಯುತ್ತಾರೆ. ನಾನು ನಿವೃತ್ತನಾಗಬೇಕಾದರೆ ಮೊದಲು ನನ್ನ ಕೆಲಸ ಕಾಯಂ ಆಗಬೇಕು. ಅಷ್ಟು ಕಾಯುವ ತಾಳ್ಮೆ ನನಗಿಲ್ಲ. ಇದು ಕೊರೊನಾ ಮುಗಿದು ಶಾಲೆಗಳು ಮೊದಲಿನಂತಾದ ಮೇಲೆ ಬಂದ ಎರಡನೆಯ ಮಳೆಗಾಲದ ಮಾತು. ಬೆಳಗಾವಿಯ ನೆಹರು ನಗರದ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನಾನು ಗುತ್ತಿಗೆಯ ತರಬೇತುದಾರ. ಶಿಕ್ಷಕರು ತಮ್ಮ ಬ್ಲಾಗಿನ ಸೆಟ್ಟಿಂಗ್ಸ್ ಮತ್ತು ರೂಪವನ್ನು ಬೇಕಾದಂತೆ ಬದಲಾಯಿಸಿಕೊಳ್ಳುವುದನ್ನು ಕಲಿಸುವುದು ನನ್ನ ಪಾಲಿನ ಕೆಲಸ. ಬ್ಲಾಗ್ ಎಂದರೆ ಅಂತರ್ಜಾಲದಲ್ಲಿರುವ ಗೋಡೆಪತ್ರಿಕೆ. ಅದರ ಬಣ್ಣ, ಅಕ್ಷರ, ಅಲಂಕಾರಗಳ ಸಿದ್ಧ ಉಡುಪಿಗೆ ಥೀಮ್ ಎನ್ನುತ್ತಾರೆ. ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಒಳಗಿನ ಏರ್ಪಾಟು ಸೆಟ್ಟಿಂಗ್ಸ್.

ಪ್ರಮಾಣಪತ್ರದಲ್ಲಿಲ್ಲದ ಇನ್ನೊಂದು ಅರ್ಹತೆಯೂ ನನಗಿದೆ. ಯಾರ ಜೊತೆಗಾದರೂ ಒಂದು ಚಹಾ ಕುಡಿದರೆ ಅವರ ದನಿ ನನ್ನ ಗಂಟಲಿಗೆ ಬಂದು ಕೂತಿರುತ್ತದೆ. ಮಿಮಿಕ್ರಿ ಮಾಡದೆ ಪಾಠ ಮಾಡಲು ನನಗೆ ಬರುವುದಿಲ್ಲ. ನನ್ನ ಸ್ವಂತ ದನಿ ಯಾವುದು ಎಂದು ಕೇಳಬೇಡಿ. ಅದು ಅಪ್ಪನ ದನಿಯ ಕಳಪೆ ನಕಲು ಎಂದು ಅವ್ವ ಹೇಳುತ್ತಾಳೆ.

ಆ ಶನಿವಾರ ಖಾನಾಪುರದ ಒಂದು ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತೆರಡು ಮಂದಿ ಶಿಕ್ಷಕರು ಸೇರಿದ್ದರು. ಎಲ್ಲರೂ ಒಂದೇ ಕ್ಲಸ್ಟರಿನವರು, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿನವರು. ಆ ಗುಂಪಿನ ಮುಖ್ಯಸ್ಥರು ಇನಾಮದಾರ ಸರ್. ಪೊದೆ ಮೀಸೆಯ, ಒಳ್ಳೆಯ ಮನುಷ್ಯ. ಬಾಯಿ ತೆರೆಯುವ ಮೊದಲು ಗಂಟಲು ಸರಿಮಾಡಿಕೊಂಡು, ‘ಹಾಂ, ಲಕ್ಷ್ಯ ಕೊಡ್ರಿ ಇಲ್ಲೆ’ ಎನ್ನದಿದ್ದರೆ ಅವರಿಗೆ ಮುಂದಿನ ಮಾತೇ ಹೊರಡದು. ನಾಷ್ಟಾ ಮುಗಿಯುವಷ್ಟರಲ್ಲಿ ಅವರು ಪೂರ್ತಿ ನನ್ನ ವಶವಾಗಿದ್ದರು. ಆಮೇಲಿನ ಪಾಠವನ್ನೆಲ್ಲ ನಾನು ಅವರ ದನಿಯಲ್ಲೇ ಮಾಡಿದೆ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಉದಾಹರಣೆಗೆಂದು ನಾನು ಗೋಡೆಯ ಮೇಲೆ ತೋರಿಸಿದ್ದು ಅಲ್ಲೇ ಕೂತಿದ್ದ ಶಮಶಾದ್ ಅಕ್ಕೋರ ಬ್ಲಾಗನ್ನು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು ರೂಢಿ. ಜಾಂಬೋಟಿ ಆಚೆಯ ಕಾಡಿನಲ್ಲಿ ಅವರದೊಂದು ಪುಟ್ಟ ಶಾಲೆ. ಬ್ಲಾಗಿನ ಹೆಸರು ‘ಶನಿವಾರದ ಸುದ್ದಿ’. ಅರಿಶಿನ ಹಳದಿಯ ಹಿನ್ನೆಲೆ, ಅದರ ಮೇಲೆ ಕುಂಕುಮದಂಥ ಕೆಂಪು ಅಕ್ಷರ, ಒಂದು ಸಾಲಿಗೆ ಮೂರೇ ಪದ ಹಿಡಿಯುವಷ್ಟು ದೊಡ್ಡವು. ಇದು ಬ್ಲಾಗೋ, ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಬೋರ್ಡೋ ಎಂದು ಕೇಳಿದೆ. ಎಲ್ಲರೂ ನಕ್ಕರು, ಅಕ್ಕೋರೂ ನಕ್ಕರು.

‘ಮಕ್ಕಳು ಬರೀತಾವಪಾ. ಗೋವಾದಾಗ ದುಡಿಯಾಕ ಹೋಗಿರೋ ಅವರವ್ವಂದಿರು ಓದ್ತಾರ’ ಅಂದರು.

ಆ ಊರಿನಲ್ಲಿ ಫೋನು ಹತ್ತುವುದಿಲ್ಲವಂತೆ. ಮಕ್ಕಳು ವಾರದ ಸುದ್ದಿ ಬರೆದುಕೊಡುತ್ತಾರೆ: ಯಾರ ಗದ್ದೆಯ ನಾಟಿ ಮುಗಿಯಿತು, ಯಾರ ಮನೆಯ ಹೆಂಚು ಹಾರಿತು. ಅಕ್ಕೋರು ಬಸ್ಸಿನಲ್ಲಿ ಖಾನಾಪುರದತ್ತ ಬರುವಾಗ ಸಿಗ್ನಲ್ ಸಿಕ್ಕ ಕಡೆ ಅದನ್ನು ಬ್ಲಾಗಿಗೆ ಏರಿಸುತ್ತಾರೆ. ಗೋವಾದ ಹೊಟೇಲುಗಳಲ್ಲಿ ಕೆಲಸಕ್ಕಿರುವ ತಾಯಂದಿರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓದಿಕೊಳ್ಳುತ್ತಾರೆ. ಆ ವಾರದ್ದು ನಾಲ್ಕನೆಯ ತರಗತಿಯ ಸಂಜನಾಳ ಸುದ್ದಿ. ಅವಳಿಗೆ ಮೊನ್ನೆಯ ತನಕ ಜ್ವರವಿತ್ತು, ಅವರವ್ವ ಕಾಯುತ್ತಿರುತ್ತಾಳೆ ಎಂದೂ ಅಕ್ಕೋರು ಹೇಳಿದರು. ನಾನು ತಲೆಯಾಡಿಸಿ ಮುಂದಿನ ಸ್ಲೈಡಿಗೆ ಹೋದೆ.

ಚಹಾ ಆದ ಮೇಲೆ, ನಿಮ್ಮ ನಿಮ್ಮ ಮೇಲ್ ಐಡಿಯಿಂದ ಒಳಗೆ ಹೋಗಿ, ಬ್ಲಾಗ್ ತೆರೆದು ಹೆಸರು, ಥೀಮ್ ಬದಲಿಸಿ ಎಂದೆ. ಅಲ್ಲಿಂದ ಶುರುವಾಯಿತು.

ಮುಂದಿನ ಬೆಂಚಿನ ಸರ್ ಹಸಿರು ಹಾಕಿದರು; ಗುಲಾಬಿ ಬಂತು. ಪಕ್ಕದ ಮೇಡಂ ಗುಲಾಬಿ ಹಾಕಿದರು, ಕಪ್ಪಾಯಿತು. ಒಬ್ಬರು ತಮ್ಮ ಶಾಲೆಯ ಹೆಸರು ಬರೆದು ಮುಗಿಸುವಷ್ಟರಲ್ಲಿ ಅಲ್ಲಿ ಬೀಡಿ ಊರಿನ ಶಾಲೆಯ ಹೆಸರು ಕೂತಿತ್ತು. ಕನ್ನಡದಲ್ಲಿದ್ದ ತಲೆಬರಹ ಮರಾಠಿಯಾಯಿತು, ಮತ್ತೆ ಕನ್ನಡವಾಯಿತು. ನನಗೆ ತಲೆ ಬುಡ ತಿಳಿಯಲಿಲ್ಲ. ಮೊದಲು ನೆಟ್‌ವರ್ಕನ್ನು ಬೈದೆ. ಆಮೇಲೆ ಮಳೆಯನ್ನು. ಆಮೇಲೆ ಹಳೆಯ ಪುಟವನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಕ್ಯಾಶ್ ಎಂಬುದನ್ನು ಗಂಭೀರವಾಗಿ ವಿವರಿಸಿ, ಎಲ್ಲರ ಕೈಲೂ ಅಳಿಸಿಸಿದೆ. ಮುಂದಿನ ಬೆಂಚಿನ ಹಸಿರು ಈಗ ನೀಲಿಯಾಗಿ ಬಂತು. ಯಾರೋ ವೈರಸ್ ಅಂದರು, ಯಾರೋ ದೃಷ್ಟಿಯಾಗಿದೆ ಅಂದರು. ಎರಡನೆಯದು ನನಗೂ ಖರೆ ಅನ್ನಿಸತೊಡಗಿತ್ತು.

ಆಗ ಶಮಶಾದ್ ಅಕ್ಕೋರಿಗೆ ಫೋನು ಬಂತು. ಗೋವಾದಿಂದ ಸಂಜನಾಳ ತಾಯಿ ಮಂಗಲಾ. ಗದ್ದಲದಲ್ಲಿ ಕೇಳದೆ ಅಕ್ಕೋರು ಸ್ಪೀಕರ್ ಹಾಕಿದರು.

‘ಅಕ್ಕೋರ, ಸುದ್ದಿ ಎಲ್ಲಿ ಹೋತ್ರಿ? ಒಮ್ಮೆ ಹಸರು ಅಕ್ಕೈತಿ, ಒಮ್ಮೆ ಕರಿ ಅಕ್ಕೈತಿ. ಅಕ್ಷರ ಇರುವಿ ಗತೆ ಸಣ್ಣ ಆಗ್ಯಾವ, ಓದಾಕ ಬರವಲ್ದು. ಮ್ಯಾಲೆ ಯಾರೋ ಮೀಸಿ ಅಜ್ಜನ ಫೋಟೋ ಬಂದೈತಿ.’

ನಾನು ತಿರುಗಿ ಹಿಂದಿನ ಬೆಂಚು ನೋಡಿದೆ. ಇನಾಮದಾರ ಸರ್ ಈಗತಾನೆ ತಮ್ಮ ಫೋಟೋವನ್ನು ಪುಟದ ನೆತ್ತಿಗೆ ಹಾಕಿ, ತಾವೇ ಮೆಚ್ಚಿಕೊಳ್ಳುತ್ತ ಕೂತಿದ್ದರು.

ಯಾವ ಮೇಲ್ ಐಡಿಯಿಂದ ಒಳಗೆ ಹೋದಿರಿ ಎಂದು ಮುಂದಿನ ಬೆಂಚಿನವರನ್ನು ಕೇಳಿದೆ.

‘ಕ್ಲಸ್ಟರಿಂದರೀ. ನಮಗ ಬ್ಯಾರೆ ಎಲ್ಲೈತಿ?’

ಇಡೀ ಗುಂಪಿಗೆ ಒಂದೇ ಮೇಲ್ ಐಡಿ. ಬಿಸಿಯೂಟದ ವರದಿಯಿಂದ ಹಾಜರಿಯ ತನಕ ಎಲ್ಲವೂ ಅದರಿಂದಲೇ ಹೋಗುತ್ತವೆ. ಪಾಸ್‌ವರ್ಡ್ ಎಲ್ಲರಿಗೂ ಮಗ್ಗಿಯಂತೆ ಬಾಯಿಪಾಠ. ಅಕ್ಕೋರು ಬ್ಲಾಗನ್ನೂ ಅದರಲ್ಲೇ ಮಾಡಿದ್ದರು. ಬೆಳಿಗ್ಗೆ ಗೋಡೆಯ ಮೇಲೆ ಕಂಡದ್ದೇ ತಮ್ಮ ಪರದೆಯಲ್ಲೂ ಕಂಡಾಗ, ಅಭ್ಯಾಸಕ್ಕೆಂದು ನಾನು ತಲೆಗೊಂದು ಪ್ರತಿ ಕೊಟ್ಟಿದ್ದೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಇಪ್ಪತ್ತೆರಡು ಮಂದಿ ಸೇರಿ ಒಂದೇ ಮನೆಗೆ ಸುಣ್ಣ ಬಳಿಯುತ್ತಿದ್ದರು. ಆ ಮನೆಯ ಬಾಗಿಲಲ್ಲಿ ಮಂಗಲಾ ನಿಂತಿದ್ದಳು.

ಎಲ್ಲರೂ ಮೌಸಿನಿಂದ ಕೈ ತೆಗೆಯಿರಿ ಎಂದು ಕೂಗಿದೆ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಇನಾಮದಾರ ಸರ್ ದನಿ. ಎಲ್ಲರೂ ಚಪ್ಪಾಳೆ ತಟ್ಟಿ, ಮತ್ತೆ ಬಣ್ಣ ಹುಡುಕಲು ಹೋದರು. ನಾನು ಓಡಿಹೋಗಿ ಅಸಲಿ ಇನಾಮದಾರರ ಕಾಲು ಹಿಡಿಯುವುದೊಂದು ಬಾಕಿ. ಅವರು ಎದ್ದು, ಹಿಂದಿನಿಂದ ಗಂಟಲು ಸರಿಮಾಡಿಕೊಂಡರು.

‘ಹಾಂ, ಲಕ್ಷ್ಯ ಕೊಡ್ರಿ ಇಲ್ಲೆ. ಯಾರೂ ಏನೂ ಮುಟ್ಟಬ್ಯಾಡ್ರಿ.’

ಯಾರೂ ತಿರುಗಿ ನೋಡಲಿಲ್ಲ. ‘ಇದು ಸ್ವಲ್ಪ ಕಮ್ಮಿ ಬಿತ್ತಪಾ, ಮೊದಲಿಂದ ಛಲೋ ಇತ್ತು’ ಎಂದು ಮುಂದಿನಿಂದ ಒಂದು ತೀರ್ಪು ಬಂತು.

ಆ ನಗುವಿನ ನಡುವೆ ಬೀಡಿ ಶಾಲೆಯ ಕಡೋಲಕರ ಗುರುಗಳು ತಮ್ಮ ಕೆಲಸ ಮಾಡಿಬಿಟ್ಟಿದ್ದರು. ಅಚ್ಚುಕಟ್ಟಿನ ಮನುಷ್ಯ. ಹಿಂದಿನ ತಾಸಿನವರು ಗೀಚಿಟ್ಟ ಹಲಗೆ ಕಂಡರೆ ಮೊದಲು ಪೂರ್ತಿ ಒರೆಸಿ, ಆಮೇಲೆ ಪಾಠ ಶುರು ಮಾಡುವುದು ಅವರ ಜೀವಮಾನದ ರೂಢಿ. ಇಲ್ಲೂ ಯಾರ್ಯಾರೋ ಗೀಚಿದ್ದಾರೆ ಅನ್ನಿಸಿತು. ಸೆಟ್ಟಿಂಗ್ಸಿನ ತಳಕ್ಕೆ ಹೋಗಿ, ‘ಬ್ಲಾಗ್ ತೆಗೆದುಹಾಕಿ’ ಎಂಬುದನ್ನು ಒತ್ತಿದರು. ಖಚಿತವೇ ಎಂದು ಅದು ಕೇಳಿತು. ಖಚಿತ ಅಂದರು.

‘ಅಕ್ಕೋರ, ಈಗ ಏನೂ ಇಲ್ಲರೀ’ ಎಂದಿತು ಫೋನು. ಆಮೇಲೆ, ‘ಪೋರಿಗೆ ಏನಾರ ಆಗೇತೇನ್ರಿ? ಖರೇ ಹೇಳ್ರಿ.’

ಸಂಜನಾ ಆರಾಮ ಇದ್ದಾಳೆ, ನಿನ್ನೆ ಶಾಲೆಗೂ ಬಂದಿದ್ದಳು ಎಂದು ಅಕ್ಕೋರು ಹೇಳಿದರು. ಮತ್ತೆ ಮತ್ತೆ ಹೇಳಿದರು.

‘ಮತ್ತ ಯಾಕ ತಗದ್ರಿ? ನೀವು ಸಮಾಧಾನಕ್ಕ ಹೇಳ್ತೀರಿ.’

ಇಷ್ಟು ಜನ ಕಲಿತವರು ಕೂಡಿ ಆಟದಲ್ಲಿ ಅಳಿಸಿದೆವು ಎಂದರೆ ಯಾವ ತಾಯಿ ನಂಬುತ್ತಾಳೆ?

ಅಳಿಸಿದ ಬ್ಲಾಗುಗಳನ್ನು ಕೆಲ ಕಾಲ ಒಂದು ಮೂಲೆಯಲ್ಲಿ ಇಟ್ಟಿರುತ್ತಾರೆ ಎಂಬುದು ನನಗೆ ಗೊತ್ತಿತ್ತು; ಅವಸರದಲ್ಲಿ ಹುಡುಕಿದರೆ ಆ ಮೂಲೆ ಸಿಗುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಎರಡು ಸಲ ಬೇರೆಲ್ಲೋ ಹೋಗಿ, ಮೂರನೆಯ ಸಲ ಸಿಕ್ಕಿತು. ಮರಳಿ ತಂದೆ. ಪಾಸ್‌ವರ್ಡ್ ಬದಲಿಸಿ ಎಲ್ಲರನ್ನೂ ಹೊರಗೆ ಹಾಕಿದೆ. ನನ್ನ ಮೆಚ್ಚಿನ ಬಿಳಿ ಥೀಮ್ ತೊಡಿಸಲು ಹೊರಟಾಗ ಅಕ್ಕೋರು ನನ್ನ ಕೈ ಹಿಡಿದರು.

‘ಅದು ಬ್ಯಾಡಪಾ. ಅಕ್ಷರ ದೊಡ್ಡೂ ಮಾಡು. ಕೊರೊನಾದಾಗ ಶಾಲಿ ಬಂದ್ ಇದ್ದಾಗ ಮಗಳ ಬಾಜು ಕುಂತು ಓದಾಕ ಕಲ್ತಾಕಿ ಮಂಗಲಾ.’

ದೊಡ್ಡದು ಮಾಡಿದೆ. ಸಾಲಿಗೆ ಮೂರು ಪದ ಬರುವ ತನಕ ಮಾಡಿದೆ. ಹಳದಿ ಯಾಕೆ ಎಂದು ಮೆಲ್ಲಗೆ ಕೇಳಿದೆ. ಅದಕ್ಕೇನೂ ಕಾರಣವಿಲ್ಲ, ತನಗೆ ಹಳದಿ ಸೇರುತ್ತದೆ ಅಂದರು. ಹಳದಿ ಹಚ್ಚಿದೆ.

ಫೋನಿನಲ್ಲಿ ಮಂಗಲಾ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಕೋಣೆಯೆಲ್ಲ ಕಿವಿಯಾಯಿತು. ‘ನನಗೆ ಜ್ವರ ಬಿಟ್ಟಿದೆ. ನಮ್ಮ ಎಮ್ಮೆ ಕರು ಹಾಕಿದೆ. ಅದಕ್ಕೆ ಹೆಸರು ಇಟ್ಟಿಲ್ಲ. ಅವ್ವ ಬಂದ ಮೇಲೆ ಇಡುತ್ತೇವೆ.’ ಕೊನೆಯ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಮೂಗು ಎಳೆದುಕೊಂಡ ಸದ್ದು.

‘ಆ ಮೀಸಿ ಅಜ್ಜ ಇನ್ನೂ ಅದಾನಲ್ರಿ’ ಅಂದಳು.

‘ತಗೀಪಾ ನನ್ನ’ ಎಂದರು ಇನಾಮದಾರ ಸರ್. ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ, ಲಕ್ಷ್ಯ ಕೊಡಿ ಎನ್ನಲೂ ಇಲ್ಲ.

ಆ ದಿನ ಥೀಮ್ ಬದಲಿಸುವುದನ್ನು ಯಾರೂ ಕಲಿಯಲಿಲ್ಲ. ಸಂಜೆಯವರೆಗೆ ಕೂತು ಒಬ್ಬೊಬ್ಬರಿಗೂ ಸ್ವಂತ ಮೇಲ್ ಐಡಿ ಮಾಡಿಕೊಟ್ಟೆ. ಕಡೋಲಕರ ಗುರುಗಳು ಹೋಗುವಾಗ ಕೋಣೆಯ ಹಲಗೆಯನ್ನು ಒರೆಸಿಯೇ ಹೋದರು.

ಈಗಲೂ ಇದೇ ಕೆಲಸ, ಇನ್ನೂ ಗುತ್ತಿಗೆ. ಬಣ್ಣದ ಪಾಠಕ್ಕೆ ಮೊದಲು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಬ್ಲಾಗ್ ಓದುವ ಒಬ್ಬರ ಹೆಸರು ಹೇಳಿ. ಹೆಸರು ಬಾರದೆ ಥೀಮ್ ಇಲ್ಲ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಆ ಹೆಸರಿನವರು ತೀರ್ಮಾನಿಸುತ್ತಾರೆ, ನಾನಲ್ಲ. ಉಳಿದ ಪಾಠವೆಲ್ಲ ಊರ ಮಂದಿಯ ದನಿಯಲ್ಲಿ ನಡೆದರೂ, ಈ ಪ್ರಶ್ನೆಯನ್ನು ಮಾತ್ರ ನನ್ನದೇ ದನಿಯಲ್ಲಿ ಕೇಳುತ್ತೇನೆ. ಅಪ್ಪನದರ ಕಳಪೆ ನಕಲಾದರೂ ಇರಲಿ. ಎಲ್ಲರೂ ಮೌಸಿನಿಂದ ಕೈ ತೆಗೆಯಬೇಕಾದ ಹೊತ್ತಿಗೆ ನಂಬುವಂಥ ದನಿಯೊಂದು ಕೋಣೆಯಲ್ಲಿ ಇರಬೇಕಾಗುತ್ತದೆ.